ಹಿಡಿಕೆ ಎಡಕ್ಕೆ ಬಂದ ಬಾಗಿಲು

ಜೂನ್ 8, ಭಾನುವಾರ

ಇವತ್ತೂ ಅದೇ. ಮಸಿಕಡ್ಡಿಯನ್ನು ಕಲ್ಲಿಗೆ ತೇಯುವುದು ಅರ್ಧ ಗಂಟೆ, ಬರೆಯುವುದು ಅರ್ಧ ನಿಮಿಷ, ಬೈಸಿಕೊಳ್ಳುವುದು ಉಳಿದ ಹೊತ್ತೆಲ್ಲ. ಆದರೂ ಮನೆಗೆ ಬರುವಾಗ ಸ್ಟೇರಿಂಗ್ ಮೇಲೆ ಬೆರಳಿನಿಂದ ಬಿದಿರೆಲೆ ಬರೆಯುತ್ತಿದ್ದೆ. ಸಿಗ್ನಲ್ ಹಸಿರಾದದ್ದು ಗೊತ್ತಾಗಲಿಲ್ಲ. ಹಿಂದಿನವನು ಹಾರ್ನ್ ಹೊಡೆದ. ಡ್ರೈವಿಂಗ್ ಸ್ಕೂಲ್ ಟೀಚರ್‌ಗೆ ಹಾರ್ನ್!

ಬಿದಿರಿನ ಕಾಂಡ ಬರೆಯುವುದು ಬುಡದಿಂದ ಮೇಲಕ್ಕೆ. ಗಿಣ್ಣು ಬಂದಲ್ಲಿ ಕುಂಚ ಒಂದು ಕ್ಷಣ ನಿಂತು ಮುಂದಕ್ಕೆ ಹೋಗಬೇಕು. ಕುಂಚ ನಿಲ್ಲಿಸುವಾಗಲೆಲ್ಲ ನನ್ನ ಬಲಗಾಲು ಚಾಪೆಯನ್ನು ಒತ್ತುತ್ತದಂತೆ. ಝೆನ್ ಮಠದಲ್ಲಿ ನಮಗೆ ಮಸಿಚಿತ್ರ ಕಲಿಸುವ ಬುನ್‌ಕೈ ಸ್ವಾಮಿಗಳು ಇವತ್ತು ಕಂಡುಹಿಡಿದರು.

“ಟೀಚರಮ್ಮ, ಕಾಲಲ್ಲಿ ಏನ್ ಮಾಡ್ತಿದೀರಿ?”

“ಏನಿಲ್ಲ ಸ್ವಾಮಿ...”

“ಏನಿಲ್ಲ ಅಂತೆ! ಬ್ರೇಕ್ ಹಾಕ್ತಿದಾರೆ ನೋಡ್ರಪ್ಪ, ಬಿದಿರಿಗೆ!”

ತರಗತಿಯೆಲ್ಲ ನಕ್ಕಿತು. ನಾನೂ ನಕ್ಕೆ. ಇಪ್ಪತ್ತು ವರ್ಷದಿಂದ ಪಕ್ಕದ ಸೀಟಿನಲ್ಲಿ ಕೂತು, ಕಲಿಯುವವರ ಜೀವ ಉಳಿಸಲು ಬ್ರೇಕ್ ಒತ್ತಿದ ಕಾಲು. ಅದಕ್ಕೆ ಬಿದಿರು ಯಾವುದು, ಬಸ್ಸು ಯಾವುದು, ಹೇಗೆ ಗೊತ್ತಾಗಬೇಕು?

ಸ್ವಾಮಿಗಳ ಪರಿಚಯವಾದದ್ದೂ ಸ್ಕೂಲಿನಲ್ಲೇ. ವಯಸ್ಸಾದವರು ಲೈಸೆನ್ಸ್ ಉಳಿಸಿಕೊಳ್ಳಲು ಕೊಡುವ ನೆನಪಿನ ಪರೀಕ್ಷೆಗೆ ಬಂದಿದ್ದರು. ಚಿತ್ರ ತೋರಿಸುತ್ತೇವೆ, ಆಮೇಲೆ ಹೆಸರು ಬರೆಯಬೇಕು. ಇವರು ಹೆಸರು ಬಿಟ್ಟು ಚಿತ್ರಗಳನ್ನೇ ಬರೆದಿಟ್ಟಿದ್ದರು. ಕಪ್ಪೆಯಂತೂ ಈಗ ಹಾರುತ್ತದೆ ಅನ್ನುವ ಹಾಗಿತ್ತು. ಇದು ನಡೆಯಲ್ಲ ಸ್ವಾಮಿ ಎಂದೆ. ಲೈಸೆನ್ಸ್ ಮೇಜಿನ ಮೇಲಿಟ್ಟು, “ಹಾಗಾದ್ರೆ ಭಾನುವಾರ ಮಠಕ್ಕೆ ಬನ್ನಿ. ನಾನೂ ನಿಮ್ಗೊಂದು ಪರೀಕ್ಷೆ ಇಡ್ತೀನಿ” ಎಂದು ಹೊರಟರು. ಮೂರು ವರ್ಷವಾಯಿತು. ಇನ್ನೂ ಪಾಸಾಗಿಲ್ಲ.

ಜೂನ್ 15, ಭಾನುವಾರ

ಮಠಕ್ಕೆ ಮಂಗಗಳು ನುಗ್ಗಿವೆ! ಬೆಟ್ಟದಿಂದ ಇಳಿದು, ಪೂಜೆಗಿಟ್ಟ ಹಣ್ಣೆಲ್ಲ ತಿಂದು, ದೊಡ್ಡ ಕೋಣೆಯ ಕಾಗದದ ಜಾರುಬಾಗಿಲನ್ನು ಎರಡೂ ಕಡೆಯಿಂದ ಹರಿದುಹಾಕಿವೆ. ಆ ಬಾಗಿಲ ಮೇಲೆ ಸ್ವಾಮಿಗಳ ಗುರುಗಳು ಬರೆದ ಬಿದಿರಿತ್ತು. ಉಳಿದದ್ದು ಚೌಕಟ್ಟು, ಒಂದಿಷ್ಟು ಚಿಂದಿ.

ಮಠದ ಭಕ್ತಮಂಡಳಿಯ ಅಧ್ಯಕ್ಷ ತೊಕುನಾಗಾ ಅವರು ಚಿಂದಿ ಆರಿಸುತ್ತಾ ನಿಜಕ್ಕೂ ಕಣ್ಣೀರು ಹಾಕಿದರು. ಸಾಕೆ ಮದ್ಯದಂಗಡಿಯ ಮಾಲೀಕರು, ಗಟ್ಟಿ ದನಿಯ ಮನುಷ್ಯ. ಅವರು ಅಳುವುದನ್ನು ನೋಡಿ ನಾನೂ ಚಿಂದಿ ಆರಿಸಲು ಕೂತೆ. ಸ್ವಾಮಿಗಳು ಮಾತ್ರ ಚೌಕಟ್ಟಿನ ಆಚೆ ನಿಂತು ನಮ್ಮನ್ನೇ ನೋಡುತ್ತಿದ್ದರು.

“ಗಾಳಿ ಚೆನ್ನಾಗಿ ಬರ್ತಿದೆ ಅಲ್ವಾ?” ಎಂದರು.

ತೊಕುನಾಗಾ ಅವರು ಚಿಂದಿಯನ್ನೆಲ್ಲ ಅಪ್ಪಿಕೊಂಡು ಹೊರಟೇಹೋದರು.

ಜೂನ್ 22, ಭಾನುವಾರ. ಸಂಜೆ

ಇವತ್ತಿನದನ್ನು ಬರೆದೇ ತೀರಬೇಕು.

ಬಾಗಿಲಿಗೆ ಹೊಸ ಕಾಗದ ಅಂಟಿಸುತ್ತಾರೆ. ಅಕ್ಟೋಬರ್ ಐದಕ್ಕೆ ಝೆನ್ ಪಂಥದ ಮೂಲಗುರು ಬೋಧಿಧರ್ಮರ ಆರಾಧನೆ. ಅವತ್ತು ಭಕ್ತರೆಲ್ಲರ ಎದುರು ಅದರ ಮೇಲೆ ಬಿದಿರು ಬರೆಯಬೇಕು. ಕ್ಯೋಟೋದಿಂದ ಹೆಸರಾಂತ ಚಿತ್ರಕಾರರನ್ನು ಕರೆಸೋಣ ಎಂದರು ತೊಕುನಾಗಾ. ಸ್ವಾಮಿಗಳು ಚಹಾ ಕುಡಿಯುತ್ತಲೇ, “ಬೇಡ. ನಮ್ಮ ಟೀಚರಮ್ಮ ಬರೀತಾರೆ” ಎಂದರು.

ನಾನು ಹಿಂದೆ ತಿರುಗಿ ನೋಡಿದೆ. ಬೇರೆ ಯಾರಾದರೂ ಟೀಚರ್ ಇದ್ದಾರೇನೋ ಎಂದು!

“ಡ್ರೈವಿಂಗ್ ಕಲಿಸೋರಾ?” ತೊಕುನಾಗಾ ಅವರ ದನಿ ಗೇಟಿನ ತನಕ ಕೇಳಿಸಿರಬೇಕು. “ಸ್ವಾಮಿ, ಕುರಾಟಾ ಅವರ ಬಗ್ಗೆ ನಂಗೇನೂ ಇಲ್ಲ. ನನ್ನ ಸೊಸೆಗೆ ಗಾಡಿ ಕಲಿಸಿದ್ದೂ ಇವರೇ. ಆದ್ರೆ ಇದು ದೊಡ್ಡ ಗುರುಗಳ ಬಾಗಿಲು. ನೀವೇ ಬರೀರಿ.”

ಸ್ವಾಮಿಗಳು ಬಲಗೈ ಎತ್ತಿ ತೋರಿಸಿದರು. ಚಳಿಗಾಲದಿಂದ ನಡುಗುತ್ತಿದೆ. ಸಣ್ಣ ಕಾಗದಕ್ಕೆ ಆದೀತು, ಆ ದೊಡ್ಡ ಕುಂಚ ಎತ್ತಲು ಆಗದು.

ಕೊನೆಗೆ ಒಪ್ಪಂದವಾಯಿತು. ಬರೆಯುವುದು ನಾನು. ಭಕ್ತಮಂಡಳಿಗೆ ಒಪ್ಪಿಗೆಯಾಗದಿದ್ದರೆ ಮಾರನೇ ದಿನವೇ ಮೇಲೆ ಬೇರೆ ಕಾಗದ ಅಂಟಿಸಿ ಕ್ಯೋಟೋದವರಿಗೆ ಫೋನ್. ಹಾಗಾದರೆ ನಾನು ಈ ಊರಿನಲ್ಲಿ ತಲೆಯೆತ್ತಿ ಗಾಡಿ ಓಡಿಸುವ ಹಾಗಿಲ್ಲ. ಒಂದೇ ಬಾಗಿಲು, ಒಂದೇ ಸಲ. ಮಸಿ ಬಿತ್ತೆಂದರೆ ಬಿತ್ತು, ಅಳಿಸುವಂತಿಲ್ಲ, ತಿದ್ದುವಂತಿಲ್ಲ.

ಇಲ್ಲಿಯವರೆಗೆ ನಾನು ಬರೆದದ್ದೆಲ್ಲ ಸ್ವಾಮಿಗಳ ಮಾದರಿ ನೋಡಿ ನಕಲು. ನನ್ನದು ಅಂತ ಒಂದು ಎಲೆಯೂ ಇಲ್ಲ. ಭಯಕ್ಕೆ ‘ಆಗಲ್ಲ’ ಎನ್ನಲು ಎರಡು ಸಲ ಫೋನ್ ಎತ್ತಿ ಇಟ್ಟೆ. ಖುಷಿಗೆ ಕೂತಲ್ಲಿ ಕೂರಲಾಗುತ್ತಿಲ್ಲ. ಎರಡೂ ಒಟ್ಟಿಗೆ ಹೇಗೆ ಸಾಧ್ಯ?

ಅಮ್ಮನಿಗೆ ಹೇಳಿದೆ. ಟಿವಿಯಿಂದ ಕಣ್ಣು ತೆಗೆಯದೆ, “ಮಂಗಗಳು ಮತ್ತೆ ಬರ್ಲಿ ಅಂತ ಬೇಡ್ಕೋ” ಎಂದಳು.

ಜುಲೈ 6

ಸೆಕೆ. ಬೆವರು ಕಾಗದಕ್ಕೆ ಬಿದ್ದು ಎಲೆ ಹರಡುತ್ತದೆ. ಬೆಳಿಗ್ಗೆ ಕೆಲಸಕ್ಕೆ ಮೊದಲು ಹಳೆ ಪೇಪರಿನ ಮೇಲೆ ಬರೆಯುತ್ತಿದ್ದೇನೆ. ಅಡಿಗೆಮನೆ ತುಂಬ ಬಿದಿರು. ಅಮ್ಮ ಮೀನು ಸುತ್ತಿ ತಂದ ಕಾಗದವನ್ನೂ ಬಿಟ್ಟಿಲ್ಲ.

ಸ್ವಾಮಿಗಳನ್ನು ಕೇಳಿದೆ, “ಝೆನ್ ಅಂದ್ರೇನು ಅಂತ ಸ್ವಲ್ಪ ಹೇಳಿದ್ರೆ ಗೆರೆ ಸರಿಹೋಗುತ್ತೇನೋ?”

“ಓಹೋ, ಹೇಳೋಣ. ಮೊದ್ಲು ಆ ಪಡಸಾಲೆ ಒರೆಸಿ ಬನ್ನಿ.”

ಒರೆಸಿ ಬಂದೆ. ಹೇಳುತ್ತಾರೆಂದು ಕಾದೆ. ನಿದ್ದೆ ಹೋಗಿದ್ದರು!

ಆದರೆ ಒರೆಸಿದ ಮೇಲೆ ಬರೆದ ಗೆರೆ, ಇವತ್ತಿನ ಎಲ್ಲ ಗೆರೆಗಳಿಗಿಂತ ಚೆನ್ನಾಗಿ ಬಂತು. ಬಟ್ಟೆ ಒತ್ತಿಕೊಂಡು ಓಡಿದ ಕೈ, ಅದೇ ಓಟದಲ್ಲಿ ಕುಂಚ ಹಿಡಿದಿತ್ತು. ಎದ್ದ ಮೇಲೆ ತೋರಿಸಿದೆ. ಕಣ್ಣುಜ್ಜಿಕೊಂಡು ನೋಡಿ, “ಹಾಂ, ಹೇಳಿದ್ದು ಅರ್ಥ ಆಗಿದೆ” ಎಂದರು.

ಸೆಪ್ಟೆಂಬರ್ 14, ಭಾನುವಾರ

ಎರಡು ತಿಂಗಳು ಈ ದಿನಚರಿ ಮುಟ್ಟಿರಲಿಲ್ಲ. ರಜೆಯಲ್ಲಿ ಕಾಲೇಜು ಹುಡುಗರೆಲ್ಲ ಲೈಸೆನ್ಸಿಗೆ ಬಿದ್ದಿದ್ದರು. ಬೆಳಿಗ್ಗೆಯಿಂದ ಸಂಜೆ ಬ್ರೇಕ್, ಬ್ರೇಕ್.

ಬಾಗಿಲು ಬಂದಿದೆ! ಎರಡೂ ಕಡೆ ಹೊಸ ಕಾಗದ. ಬಲಗಡೆ ದುಂಡನೆಯ ಕಂಚಿನ ಹಿಡಿಕೆ. ಎಂಥ ಬಿಳಿ! ಹತ್ತಿರ ಹೋಗಿ ಮೂಸಿದೆ. ಅಂಟಿನ ವಾಸನೆ.

ತೊಕುನಾಗಾ ಅವರು ಹಳೆಯ ಬಿದಿರಿನ ಫೋಟೋ ತಂದುಕೊಟ್ಟರು. “ಕುರಾಟಾ ಅವರೇ, ಹೀಗೇ ಬರೆದುಬಿಡಿ ಸಾಕು. ಹೊಸದೇನೂ ಬೇಡ” ಎಂದರು. ಬೈಗುಳದಂತಿರಲಿಲ್ಲ, ಬೇಡಿಕೊಂಡ ಹಾಗಿತ್ತು. ಫೋಟೋದಲ್ಲಿ ಬಿದಿರು ಎಡಗಡೆಯಿಂದ ಏಳುತ್ತದೆ, ಹಿಡಿಕೆಯ ಕಡೆಗೆ ಎಲೆ ಚಾಚುತ್ತದೆ. ಇದೇ ಸರಿ. ಇದನ್ನೇ ಕಣ್ಣುಮುಚ್ಚಿಕೊಂಡು ಬರೆಯುವ ಹಾಗೆ ಕಲಿತರೆ ಆಯಿತು.

ಸೆಪ್ಟೆಂಬರ್ 28

ಬರುತ್ತಿದೆ! ಫೋಟೋ ನೋಡದೆ ಬರುತ್ತಿದೆ! ಬುಡ ಎಲ್ಲಿ, ಗಿಣ್ಣು ಎಲ್ಲಿ, ಎಲ್ಲ ಕೈಗೆ ಗೊತ್ತು. ಅಮ್ಮನೂ ಕನ್ನಡಕ ಹಾಕಿಕೊಂಡು ನೋಡಿ, “ಪರವಾಗಿಲ್ಲ. ಬಿದಿರು ಅಂತ ಗೊತ್ತಾಗತ್ತೆ” ಎಂದಳು. ಅಮ್ಮನ ಬಾಯಲ್ಲಿ ಇದು ಪದಕ ಕೊಟ್ಟ ಹಾಗೆ.

ಸ್ವಾಮಿಗಳು ಬಹಳ ಹೊತ್ತು ನೋಡಿದರು.

“ನಮ್ಮ ಗುರುಗಳದ್ದೇ ಬಿದಿರು” ಎಂದರು.

“ಥ್ಯಾಂಕ್ಸ್ ಸ್ವಾಮಿ!”

“ಅದನ್ನ ಅವರು ಆಗ್ಲೇ ಬರೆದಾಗಿತ್ತಲ್ಲ” ಎಂದು ಎದ್ದುಹೋದರು.

ಇದಕ್ಕೇನರ್ಥ? ಯೋಚಿಸಲ್ಲ. ಇನ್ನು ಒಂದೇ ವಾರ.

ಅಕ್ಟೋಬರ್ 4, ಶನಿವಾರ. ಸಂಜೆ

ಮಾಡಿಬಿಟ್ಟೆ.

ನಾಳೆಯ ತಯಾರಿಗೆಂದು ಮಠಕ್ಕೆ ಹೋಗಿದ್ದೆ. ಸ್ವಾಮಿಗಳು ಸ್ನಾನಕ್ಕೆ ಹೋಗಿದ್ದರು. ಬಾಗಿಲಿನ ಮುಂದೆ ನಾನೊಬ್ಬಳೇ. ಚೀಲದಲ್ಲಿ ಇದ್ದಿಲ ಕಡ್ಡಿ ಇತ್ತು. (ಹಾಗೇ ಇತ್ತು ಎಂದು ಬರೆದರೆ ಸುಳ್ಳು. ಬೇಕೆಂದೇ ಇಟ್ಟುಕೊಂಡಿದ್ದೆ.) ಬುಡಕ್ಕೊಂದು ಚುಕ್ಕೆ. ಗಿಣ್ಣುಗಳಿಗೆ ಒಂದೊಂದು. ಎಲೆಗಳ ತುದಿಗೆ ಅಲ್ಲಲ್ಲಿ. ತೀರಾ ತೆಳುವಾಗಿ. ಹಕ್ಕಿಯ ಗರಿಯಿಂದ ಸವರಿದರೆ ಹೋಗುತ್ತದೆ. ದೊಡ್ಡ ದೊಡ್ಡ ಚಿತ್ರಕಾರರೂ ಹೀಗೆ ಗುರುತು ಹಾಕಿಕೊಳ್ಳುತ್ತಾರೆ, ತಪ್ಪೇನು? ಆದರೆ ಈ ಮಠದಲ್ಲಿ ಯಾರೂ ಹಾಕುವುದಿಲ್ಲ. ಗೊತ್ತಿದ್ದೂ ಹಾಕಿದೆ.

ಈಗ ನೆಮ್ಮದಿ. ನಾಳೆ ಚುಕ್ಕೆಯಿಂದ ಚುಕ್ಕೆಗೆ ಹೋದರೆ ಸಾಕು. ಅಮ್ಮ ಕಪ್ಪು ಕಿಮೋನೋ ಇಸ್ತ್ರಿ ಮಾಡಿಟ್ಟಿದ್ದಾಳೆ. “ಮಸಿ ಚೆಲ್ಲಿದ್ರೂ ಕಾಣಲ್ಲ” ಅಂತೆ.

ಅಕ್ಟೋಬರ್ 5, ಬೆಳಿಗ್ಗೆ 9:20

ಮಠದ ಅಡಿಗೆಮನೆ. ಆಚೆ ಮಂತ್ರ ನಡೆಯುತ್ತಿದೆ. ಮುಗಿದ ತಕ್ಷಣ ನಾನು. ಅಯ್ಯೋ, ಅಯ್ಯೋ, ಅಯ್ಯೋ.

ಬೆಳಿಗ್ಗೆ ಬಂದಾಗ ಸ್ವಾಮಿಗಳು ಬಾಗಿಲ ಮುಂದೆ ನಿಂತಿದ್ದರು. ಅಂಗೈಯಿಂದ ಕಾಗದವನ್ನು ಮೆಲ್ಲಗೆ ಸವರಿದರು. ಬೆರಳ ತುದಿ ನೋಡಿಕೊಂಡರು. ಕಪ್ಪಾಗಿತ್ತು. ನನ್ನ ಮುಖ ನೋಡಲಿಲ್ಲ. ಬೆರಳನ್ನು ನಿಲುವಂಗಿಗೆ ಒರೆಸಿಕೊಂಡು, “ತೊಕುನಾಗಾ, ಸ್ವಲ್ಪ ಆ ಕಡೆ ಹಿಡ್ಕೊಳ್ಳಿ” ಎಂದರು.

ಇಬ್ಬರೂ ಬಾಗಿಲನ್ನು ಹಳಿಯಿಂದ ಎತ್ತಿದರು. ತಿರುಗಿಸಿದರು. ಹಿಂದಿನದು ಮುಂದೆ ಬಂತು.

“ಸ್ವಾಮಿ, ಹಿಡಿಕೆ ಎಡಕ್ಕೆ ಬಂತಲ್ಲ! ಉಲ್ಟಾ ಆಯ್ತು!” ಎಂದು ಕೂಗಿದರು ತೊಕುನಾಗಾ.

“ಆಗ್ಲಿ ಬಿಡಿ. ಒಂದೇ ಕಡೆ ತೆಗೆದೂ ತೆಗೆದೂ ಬೇಜಾರಾಗಿತ್ತು.”

ಹಿಡಿಕೆ ಈಗ ಎಡಗಡೆ. ನನ್ನ ಬಿದಿರಿನ ಕಾಂಡ ಏಳಬೇಕಾದ ಜಾಗದಲ್ಲೇ ಕೂತಿದೆ, ದುಂಡಗೆ, ಹೊಳೆಯುತ್ತಾ. ಇಡೀ ಬೇಸಿಗೆಯ ಬಿದಿರು ಹೋಯಿತು. ಒಂದು ಚುಕ್ಕೆ ಇಲ್ಲ. ಬರೀ ಬಿಳಿ.

ಮಸಿ ತೇಯುತ್ತಿದ್ದೇನೆ. ತೇಯುತ್ತಾ ಇದನ್ನೂ ಬರೆಯುತ್ತಿದ್ದೇನೆ, ಎಡಗೈಯಲ್ಲಿ ಮಸಿಕಡ್ಡಿ. ಓಡಿಹೋಗಲೇ? ಕಾರಿನ ಕೀ ಚೀಲದಲ್ಲಿದೆ.

ಮಂತ್ರ ನಿಂತಿತು.

ಅದೇ ದಿನ, ಮಧ್ಯಾಹ್ನ 1:15

ಬೇಗ ಬರೆಯಬೇಕು, ಸಮಯವಿಲ್ಲ.

ಬಾಗಿಲನ್ನು ಚಾಪೆಯ ಮೇಲೆ ಮಲಗಿಸಿದ್ದರು. ಸುತ್ತ ಭಕ್ತರೆಲ್ಲ ಮಂಡಿಯೂರಿ ಕೂತಿದ್ದರು. ಕುಂಚ ಎತ್ತಿದೆ. ಎಲ್ಲಿಂದ ಶುರು ಮಾಡುವುದೋ ತಿಳಿಯಲಿಲ್ಲ. ಎಷ್ಟು ಹೊತ್ತು ನಿಂತೆನೋ. ಯಾರೋ ಕೆಮ್ಮಿದರು. ಅಷ್ಟರಲ್ಲಿ ಕುಂಚದಿಂದ ಒಂದು ಹನಿ, ಟಪ್, ಬಲಗಡೆ ಅಂಚಿನಲ್ಲಿ ಬಿತ್ತು. ತೊಕುನಾಗಾ ಅವರು “ಅಯ್ಯೋ!” ಎಂದರು.

ಆಮೇಲಿನದು ಯೋಚಿಸಿ ಮಾಡಿದ್ದಲ್ಲ. ಬಿದ್ದ ಮಸಿ ಹರಡುವ ಮೊದಲು ಕುಂಚ ಅಲ್ಲೇ ಊರಿದೆ, ಮೇಲಕ್ಕೆ ಹೋದೆ. ಉಸಿರು ಬಿಡುತ್ತಾ. ಗಿಣ್ಣು. ಮತ್ತೆ ಮೇಲಕ್ಕೆ. ಗಿಣ್ಣು. ಕಾಂಡ ಬಾಗಿಲಿನ ಆಚೆಗೇ ಹೋಗಿಬಿಟ್ಟಿತು, ತುದಿಗೆ ಜಾಗವೇ ಸಿಗಲಿಲ್ಲ, ಹೋಗಲಿ! ಇನ್ನೊಂದು ತೆಳು ಕಾಂಡ, ಓರೆಯಾಗಿ. ಎಲೆಗಳು ಎಡಕ್ಕೆ. ಕೊನೆಯ ಎಲೆ ಹಿಡಿಕೆಯ ಕಂಚಿನ ಮೇಲೆ ಹಾದು ಆಚೆ ಇಳಿಯಿತು. ಅರ್ಧಕ್ಕಿಂತ ಹೆಚ್ಚು ಬಿಳಿಯೇ ಉಳಿಯಿತು. ಇನ್ನೇನೂ ಬೇಕೆನಿಸಲಿಲ್ಲ. ಕುಂಚ ಇಟ್ಟೆ. ಮೈಯೆಲ್ಲ ಬೆವರು, ನಗು ತಡೆಯಲಾಗುತ್ತಿಲ್ಲ.

ತೊಕುನಾಗಾ ಅವರು ಎದ್ದು ಬಂದರು. ಸುತ್ತ ಒಂದು ಸಲ ಹೋದರು. ಮಂಡಿಯೂರಿ ಕೂತು ಎಡಕ್ಕೆ ಬಾಗಿದ ಎಲೆಗಳನ್ನು ತೋರಿಸಿದರು.

“ಕುರಾಟಾ ಅವರೇ, ಗಾಳಿ ಈ ಕಡೆಯಿಂದ ತಾನೇ ಬೀಸ್ತಿರೋದು?”

“ಹೌದು.”

“ಹಂಗಾದ್ರೆ ಸರಿ” ಎಂದರು. ಮೂಗು ಒರೆಸಿಕೊಂಡರು. “ಕ್ಯೋಟೋಗೆ ಫೋನ್ ಬೇಡ.”

ಸ್ವಾಮಿಗಳು ಏನನ್ನುತ್ತಾರೋ ಎಂದು ನಾನು ಕಾದೆ. “ಹಸಿವಾಗ್ತಿದೆ” ಎಂದರು.

ಮಸಿ ಆರಿದ ಮೇಲೆ ಬಾಗಿಲನ್ನು ಮತ್ತೆ ಹಳಿಗೆ ಕೂರಿಸಿದರು. ಊಟಕ್ಕೆ ಪಕ್ಕದ ಕೋಣೆ. ಎಳ್ಳಿನ ತೋಫು, ಅಣಬೆ ಅನ್ನ. ಎಲ್ಲರೂ ಸಾಲಾಗಿ ಕೂತೆವು, ಬಾಗಿಲಿನ ಕಡೆ ಮುಖ ಮಾಡಿ. ಬಾಗಿಲಿನ ಹಿಂಬದಿಗೆ! ನನ್ನ ಇದ್ದಿಲ ಚುಕ್ಕೆಗಳು ಅಷ್ಟೂ, ಕಿಟಕಿಯ ಬೆಳಕಿನಲ್ಲಿ, ಎಲ್ಲರ ಕಣ್ಣಿಗೆ!

“ಇದೇನಿದು, ನೊಣ ಕೂತಿದೆಯಾ?” ಎಂದರು ತೊಕುನಾಗಾ.

ಸುಮ್ಮನಿರಬಹುದಿತ್ತು. ಸ್ವಾಮಿಗಳು ನನ್ನ ಕಡೆ ನೋಡದೆ ತೋಫು ತಿನ್ನುತ್ತಿದ್ದರು. ಅವರು ಖಂಡಿತ ಹೇಳುತ್ತಿರಲಿಲ್ಲ.

“ನಂದು” ಎಂದೆ, ಜೋರಾಗಿಯೇ. “ನಿನ್ನೆ ಕದ್ದು ಹಾಕಿದ್ದು. ಹೆದರ್ಕೊಂಡು.”

ತೊಕುನಾಗಾ ಅವರು ನಗತೊಡಗಿದರು ನೋಡಿ, ಅಣಬೆ ಗಂಟಲಿಗೆ ಸಿಕ್ಕಿ, ಬೆನ್ನು ಗುದ್ದಬೇಕಾಯಿತು. ನಾಚಿಕೆಯಾಗಬೇಕಿತ್ತು. ಆಗಲಿಲ್ಲ. ಹಗುರಾಯಿತು.

ಸ್ವಾಮಿಗಳು ಬಟ್ಟಲು ಕೆಳಗಿಟ್ಟು ನಿಲುವಂಗಿಯ ತೋಳಿನೊಳಗಿಂದ ಒಂದು ಗರಿ ತೆಗೆದರು. ಬೆಳಿಗ್ಗೆಯಿಂದ ಇಟ್ಟುಕೊಂಡಿದ್ದರೋ ಏನೋ!

“ಇದ್ರಲ್ಲಿ ಒರೆಸಿಬಿಡಿ ಟೀಚರಮ್ಮ. ಈ ಕಡೇನೂ ನಿಮ್ದೇ. ಮುಂದಿನ ವರ್ಷ ಬರೀರಿ, ನಿಧಾನವಾಗಿ ಅಭ್ಯಾಸ ಮಾಡ್ಕೊಂಡು.”

ಗರಿ ತೆಗೆದುಕೊಂಡೆ. ಬಾಯಿ ತಾನೇ ಹೇಳಿತು.

“ಮುಂದಿನ ವರ್ಷ ಯಾಕೆ ಸ್ವಾಮಿ? ಈಗ್ಲೇ.”

ಸ್ವಾಮಿಗಳು ಇವತ್ತು ಮೊದಲ ಸಲ ನನ್ನನ್ನೇ ನೇರವಾಗಿ ನೋಡಿದರು. ತಲೆ ಬಾಗಿಸಿದರು. ನನಗೆ. ಹಣೆ ಚಾಪೆಗೆ ತಾಗುವಷ್ಟು.

ತೊಕುನಾಗಾ ಅವರೇ ತಟ್ಟೆ ಎತ್ತುತ್ತಿದ್ದಾರೆ, “ಏಳಿ, ಏಳಿ, ಜಾಗ ಬಿಡಿ” ಎಂದು ಎಲ್ಲರನ್ನೂ ಎಬ್ಬಿಸುತ್ತಾ. ಚುಕ್ಕೆಗಳು ಹೋದವು. ಕಲ್ಲಿನಲ್ಲಿ ಮಸಿ ಇನ್ನೂ ಹಸಿಯಾಗಿದೆ. ಏನು ಬರೆಯುತ್ತೇನೋ ನನಗೇ ಗೊತ್ತಿಲ್ಲ, ಬಿದಿರಂತೂ ಅಲ್ಲ, ಬಹುಶಃ... ಕರೆಯುತ್ತಿದ್ದಾರೆ, ಬಂದೆ!