ಅಂಗಳದ ಬಲ್ಬ್

ಗೋವರ್ಧನ,

ನಾ ಹುಮನಾಬಾದಿಗೆ ಹೊಂಟೇನಿ. ಕ್ರಿಸ್‌ಮಸ್ಸಿಗೆ ಕೆಂಪೆಲಿ ಗಿಡ ಬೇಕಂತ ಹೇಳಿದ್ದ ಚರ್ಚಿನವ್ರಿಗೆ, ಈ ಸಲ ಎಲಿ ಕೆಂಪ ಆಗಂಗಿಲ್ಲ ಅಂತ ಹೇಳಿ ಬರತೇನಿ. ಫೋನಿನ್ಯಾಗ ಹೇಳಾಕ ಬಾಯಿ ಬರಲಿಲ್ಲ.

ಆ ಪಾಯಿನ್ಸೆಟಿಯಾ ಗಿಡಕ್ಕ ಮಣ್ಣ ಒಣಗಿದ್ರಷ್ಟ ನೀರ ಹಾಕು. ಒಣಗಿದೆಲಿ ತೆಗಿಯೂಮುಂದ ಅದರ ಹಾಲ ಕಣ್ಣಿಗೆ ಹತ್ತಬಾರದು. ಮೊನ್ನಿ ಹಾಲ ಹತ್ತಿ ಕಣ್ಣ ಕೆಂಪಾಗ್ಯಾವ ಅಂದಿ, ಅವತ್ತ ನೀ ಗಿಡಾನ ಮುಟ್ಟಿದ್ದಿಲ್ಲ.

ಕ್ರಿಸ್‌ಮಸ್ಸಿಗೆ ಆಗಲಿಲ್ಲಂದ್ರೂ ಆಮ್ಯಾಲರ ಕೆಂಪಾದಾವು, ಸಂಜಿ ಐದಕ್ಕ ಕರೇ ತಾಡಪತ್ರಿ ಹೊದಿಸು, ಮುಂಜಾನೆ ಎಂಟರ ತನಕ ತೆಗೀಬ್ಯಾಡ. ತಾಡಪತ್ರಿ ಹರದ ಕಡೆ ಗೋಣಿಚೀಲ ಹಾಕು.

ಅಂಗಳದ ಬಲ್ಬ್ ಹಚ್ಚಬ್ಯಾಡ. ಎಷ್ಟ ಸಲ ಹೇಳ್ಲಿ? ತೂತಿನ್ಯಾಗಿಂದ ಬೆಳಕ ಒಳಗ ಹೋಗತದ. ಪೂರಾ ಕತ್ತಲಿ ಸಿಗಲಿಲ್ಲಂದ್ರ ಆ ಎಲಿ ಹಸರ ಉಳೀತಾವ. ಎರಡ ತಿಂಗಳ ಆತು, ಹಸರ ಅವ.

ದಸರಾ ಮುಗದ ಮರದಿನ ನಿನ್ನ ಹೇಣ್ತಿ ಪೂನಂ ಜಗಳಾಡಿ ಮುಡಬಿಗೆ, ತವರಮನಿಗೆ, ಹೋದಾಗಿಂದ ಹಚ್ಚಾಕತ್ತಿ. ಕತ್ತಲಾಗ ಬಂದ್ರ ಆಕಿಗೆ ಮೆಟ್ಲ ಕಾಣಬೇಕು ಅಂತಿ. ಮುಡಬಿಯಿಂದ ಬರೂ ಕಡೀ ಆಟೋ ಏಳಕ್ಕ ಬಂದು ಹೋಗತದ. ಆಮ್ಯಾಲೆ ಯಾರಿಗಂತ ಹಚ್ಚತಿ? ಆಕಿ ಬರಂಗಿಲ್ಲೋ ತಮ್ಮಾ. ಹೊಲಿಗಿ ಮಷಿನ್ ಸುದ್ದಾ ಒಯ್ಯಾಕ ತನ್ನ ಅಣ್ಣನ್ನ ಕಳಿಸಿದಾಕಿ ಮತ್ತ್ಯಾಕ ಬರತಾಳ?

ರೊಟ್ಟಿ ಬುಟ್ಟ್ಯಾಗ ಅವ, ಝುಣಕ ಅದ. ನಿನ್ನೆ ಗತೆ ತಾಟ ಹಂಗ ಬಿಡಬ್ಯಾಡ, ಉಣ್ಣು.

ಗಿಡ ಕೆಟ್ಟದ್ದು ನಿನ್ನಿಂದನ ಅಂತ ಚರ್ಚಿನವ್ರ ಮುಂದ ಹೇಳಂಗಿಲ್ಲ. ನಿನ್ನೆ ಬಲ್ಬ್ ಹಚ್ಚಿದಾಕಿ ನಾನ. ಆಟೋ ನಿಂತ ಸಪ್ಪಳ ಆತು, ಓಡಿ ಹೋಗಿ ಹಚ್ಚಿದೆ. ಬಾಜೂ ಮನಿಯವ್ರು ಇಳದ್ರು.

ಅಕ್ಕ