ಹನ್ನೆರಡು ಟಿ.ವಿ.ಗಳಲ್ಲಿ ಒಂದೇ ತಗ್ಗು

ಮನೆಯಿಂದ, ಮಂಗಳವಾರ
ಮಾರ್ಚ್ ೧೧, ಮಧ್ಯಾಹ್ನ

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಮಂಡಿನೋವು ಇಳಿಯಿತೇ? ಭಾವನ ಕೆಮ್ಮು ಹೇಗಿದೆ? ಹೊಲಿಗೆ ಮೆಷಿನ್ ಈಚೆಗೆ ಸೊಟ್ಟಸೊಟ್ಟ ಹೊಲಿಯುತ್ತಿದೆ, ಯೂನಿಫಾರಂಗಳನ್ನೆಲ್ಲ ಬಿಚ್ಚಿ ಮತ್ತೆ ಹೊಲಿಯುವುದೇ ಆಗಿದೆ ಎಂದು ನೀನು ಫೋನಿನಲ್ಲಿ ಹೇಳಿದ್ದೆ. ಅದರ ವಿಷಯಕ್ಕೆ ಆಮೇಲೆ ಬರುತ್ತೇನೆ. ಫೋನ್ ಮಾಡುವವನು ಕಾಗದ ಯಾಕೆ ಬರೆದ ಎಂದು ಹುಬ್ಬೇರಿಸಬೇಡ. ನಿನ್ನ ದನಿ ಕೇಳಿದರೆ ಅತ್ತುಬಿಡುತ್ತೇನೆ, ಅದಕ್ಕೆ. ನನಗೆ ತುಂಬ ಹೆದರಿಕೆಯಾಗಿದೆ ಅಕ್ಕಾ.

ನನ್ನ ಕೆಲಸ ನಿನಗೆ ಗೊತ್ತೇ ಇದೆ. ಅಂಗಡಿಯಲ್ಲಿ ದೊಡ್ಡ ಟಿ.ವಿ. ಕೊಂಡವರ ಮನೆಗೆ ಹೋಗಿ, ಇಂಟರ್ನೆಟ್ಟಿನಿಂದ ಸಿನಿಮಾ ತರುವ ಆ ಪುಟ್ಟ ಡಬ್ಬಿಯನ್ನು ಜೋಡಿಸಿ, ಚಿತ್ರವನ್ನು ಹದ ಮಾಡಿ ಬರುವುದು. ಡಬ್ಬಿ ಕಳಪೆಯಾದರೆ ಎಷ್ಟೇ ಒಳ್ಳೆಯ ಎಚ್.ಡಿ. ಟಿ.ವಿ.ಯಲ್ಲೂ ಮುಖಗಳು ಕಲಸಿದ ಹಿಟ್ಟಿನಂತೆ ಕಾಣುತ್ತವೆ. ಅದನ್ನು ಬಾಗಿಲಲ್ಲಿ ನಿಂತೇ ಹಿಡಿಯುತ್ತೇನೆಂದು ಯಜಮಾನರು ನನ್ನನ್ನು ಹದ್ದಿನಕಣ್ಣು ಎಂದೇ ಕರೆಯುವುದು. ಆ ಹೆಸರು ನನ್ನ ತಲೆಗೂ ಏರಿತ್ತು ಅನ್ನು.

ಹೋದ ವಾರ ಒಬ್ಬ ಹಲ್ಲಿನ ಡಾಕ್ಟರ ಮನೆಗೆ ಹೋಗಿದ್ದೆ. ಎಂದಿನಂತೆ ಪರೀಕ್ಷೆಗೆ ಚೌಕುಳಿ ಗೆರೆಗಳ ಚಿತ್ರ ಹಾಕಿದೆ. ನಟ್ಟನಡುವೆ ಗೆರೆಗಳು ತಗ್ಗಾಗಿದ್ದವು, ಹಾಸಿಗೆಯ ಮೇಲೆ ಯಾರೋ ಕೂತೆದ್ದ ಹಾಗೆ. ಡಬ್ಬಿ ಬದಲಿಸಿದೆ. ವೈರ್ ಬದಲಿಸಿದೆ. ನೆಟ್ ಸರಿಯಿಲ್ಲವೆಂದು ಬೈದೆ. ಕೊನೆಗೆ ಗೋಡೆಯಿಂದ ಟಿ.ವಿ.ಯನ್ನೇ ಇಳಿಸಿದೆ. ಪಾಪ, ಡಾಕ್ಟರು "ಚಿತ್ರ ಚೆನ್ನಾಗೇ ಇದೆಯಲ್ರೀ" ಅಂದರು. "ನಿಮ್ಮ ಹಲ್ಲಿನ ವಿಷಯಕ್ಕೆ ನಾನು ಬರ್ತೀನಾ ಸಾರ್?" ಎಂದುಬಿಟ್ಟೆ. ನನ್ನ ಬಾಯಿ ನಿನಗೆ ಗೊತ್ತಿದ್ದದ್ದೇ.

ಆ ಟಿ.ವಿ.ಯನ್ನು ಅಂಗಡಿಗೆ ತಂದು, ಹೋಲಿಸಿ ನೋಡೋಣವೆಂದು ಗೋಡೆಯ ಮೇಲಿದ್ದ ಹನ್ನೆರಡು ಟಿ.ವಿ.ಗಳಿಗೂ ಅದೇ ಚೌಕುಳಿ ಹಾಕಿದೆ. ಹನ್ನೆರಡರಲ್ಲೂ ತಗ್ಗು. ನೋಟ ಸರಿಸಿದರೆ ತಗ್ಗೂ ಜೊತೆಗೇ ಸರಿಯಿತು. ಬಲಗಣ್ಣು ಮುಚ್ಚಿದೆ, ಗೆರೆಗಳೆಲ್ಲ ನೆಟ್ಟಗಾದವು. ಅಲ್ಲೇ ಖಾಲಿ ಪೆಟ್ಟಿಗೆಗಳ ಮೇಲೆ ಕೂತೆ. ಡಬ್ಬಿ, ವೈರ್, ಟಿ.ವಿ. ಎಲ್ಲದರ ಮೇಲೂ ಅನುಮಾನಪಟ್ಟವನಿಗೆ ನನ್ನ ಕಣ್ಣಿನ ಮೇಲೆ ಮಾತ್ರ ಅನುಮಾನ ಬಂದಿರಲಿಲ್ಲ.

ನಿನ್ನೆ ಕಣ್ಣಿನ ಡಾಕ್ಟರಮ್ಮ ಅಂಥದ್ದೇ ಚೌಕುಳಿ ಇರುವ ಒಂದು ಹಾಳೆ ಕೊಟ್ಟರು. ಅದಕ್ಕೆ ವೈರಿಲ್ಲ, ಡಬ್ಬಿಯಿಲ್ಲ, ಆದರೂ ತಗ್ಗು. ಕಣ್ಣಿನ ಒಳಪದರದಲ್ಲಿ ನೀರು ತುಂಬಿದೆಯಂತೆ. ಗುರುವಾರ ಕಣ್ಣಿನೊಳಕ್ಕೇ ಸೂಜಿ ಹಾಕುತ್ತಾರೆ. ಹೋದ ದೃಷ್ಟಿ ಬಂದೀತೆಂಬ ಭರವಸೆಯಿಲ್ಲ, ಉಳಿದದ್ದನ್ನು ಉಳಿಸಿಕೊಳ್ಳಬೇಕಂತೆ. ಇಂಜೆಕ್ಷನ್ ಎಂದರೆ ಮಂಚದ ಕೆಳಗೆ ತೂರುತ್ತಿದ್ದ ನನ್ನನ್ನು ಕಾಲು ಹಿಡಿದು ಎಳೆಯುತ್ತಿದ್ದವಳು ನೀನು. ಈಗ ಯಾರು ಎಳೆಯಬೇಕು?

"ಮನೇಲಿ ಯಾರಿಗಾದ್ರೂ ಹೀಗಾಗಿತ್ತಾ?" ಎಂದು ಡಾಕ್ಟರಮ್ಮ ಕೇಳಿದಾಗ ಅಪ್ಪನ ನೆನಪಾಯಿತು. ಕೊನೆಕೊನೆಗೆ ಲೋಟದ ಪಕ್ಕಕ್ಕೆ ನೀರು ಸುರಿಯುತ್ತಿದ್ದ, ನಮ್ಮ ಮುಖ ಬಿಟ್ಟು ಕಿವಿ ನೋಡಿ ಮಾತಾಡುತ್ತಿದ್ದ. ವಯಸ್ಸಾಯಿತು ಎಂದುಕೊಂಡೆವು. "ಕಣ್ಣು ಎಲ್ಲಿಟ್ಟಿದ್ದೀಯಪ್ಪಾ?" ಎಂದು ಗದರಿದವನು ನಾನೇ. ಅದನ್ನು ನೆನೆದರೆ ಊಟ ಸೇರುತ್ತಿಲ್ಲ.

ಭಾವನಿಗೆ ನನ್ನ ನಮಸ್ಕಾರ ಹೇಳು. ನಿನ್ನ ಕಾಲಿಗೆ ಬಿದ್ದೆ ಎಂದುಕೊಂಡು ಆಶೀರ್ವಾದ ಮಾಡು. ಬೈಯುವುದಿದ್ದರೆ ಗುರುವಾರ ಕಳೆಯಲಿ.

ನಿನ್ನ ಪುಕ್ಕಲ ತಮ್ಮ

ಮರೆಯುವ ಮುಂಚೆ, ಅಲ್ಲ, ಇದಕ್ಕೆಂದೇ ಕಾಗದ ಬರೆದದ್ದು. ನಾಳೆ ಬೆಳಿಗ್ಗೆಯೇ ನಿನ್ನ ಕೈಸೇರಲೆಂದು ಬಸ್ಸಿನ ಕಂಡಕ್ಟರ ಕೈಯಲ್ಲಿ ಕಳಿಸುತ್ತಿದ್ದೇನೆ. ಹಾಳೆಯ ಹಿಂಬದಿ ನೋಡು, ಚೌಕುಳಿ ಇದೆ. ಅದನ್ನು ಎಳೆದದ್ದು ನಾನಲ್ಲ, ನನ್ನ ಹೆಂಡತಿ. ಸ್ಕೇಲ್ ಇಟ್ಟು ಎಳೆದಿದ್ದಾಳೆ, ಗೆರೆಗಳು ನೆಟ್ಟಗಿವೆ. ಕನ್ನಡಕ ಹಾಕಿಕೊಂಡು, ಒಂದೊಂದೇ ಕಣ್ಣು ಮುಚ್ಚಿ ನೋಡು. ಒಂದೇ ಒಂದು ಗೆರೆ ಬಾಗಿದರೂ ಅಂದೇ ಕಣ್ಣಿನ ಡಾಕ್ಟರ ಬಳಿ ಹೋಗು. ಮೆಷಿನ್ ರಿಪೇರಿಯವನನ್ನು ಕರೆಸಬೇಡ ಅಕ್ಕಾ.