ನಾರುಮಡಿಯ ಕೋಟು

ಏಪ್ರಿಲ್ 4
ಮರಕ್ಕೂ ಚಳಿಯಾಗುತ್ತದೆ ಎಂದು ಮೊದಲು ಹೇಳಿದ್ದು ಅಪ್ಪ, ನನ್ನನ್ನು ಶಾಲೆಗೆ ಸೇರಿಸಿದ ವರ್ಷ. ಮುತುಬಾ ಮರದ ತೊಗಟೆ ಸುಲಿದ ಕೂಡಲೇ ಕಾಂಡಕ್ಕೆ ಬಾಳೆಲೆ ಸುತ್ತುತ್ತಿದ್ದ. ಆಮೇಲೆ ತೊಗಟೆ ಬಡಿದು ಬಡಿದು ನಾರುಮಡಿ ಮಾಡುತ್ತಿದ್ದ. ಇವತ್ತು ಅವನು ಕಳಿಸಿದ ಮಡಿಯನ್ನೇ ಕತ್ತರಿಸುತ್ತಾ ಕೂತಿದ್ದೆ — ಕಂಪಾಲಾದ ಫ್ಯಾಷನ್ ಶೋಗೆ ಉದ್ದನೆಯ ಕೋಟು. ತೋಳಿಗೆ ಬಟ್ಟೆ ಸಾಲದು.

ಏಪ್ರಿಲ್ 5
ಊರಿಗೆ ಫೋನು ಮಾಡಿದೆ. "ಅಪ್ಪಾ, ಇನ್ನೊಂದು ಬೇಕಿತ್ತು."
"ಮರ ಈಗಿನ್ನೂ ಬೆತ್ತಲೆ ನಿಂತಿದೆ ಕಣೇ ನಾಕಿಟ್ಟೊ. ಅದನ್ನ ಒಂದ್ ವರ್ಷ ಏನೂ ಕೇಳ್ಬೇಡ." ಕೆಮ್ಮಿದ. "ಇರು, ಪೆಟ್ಟಿಗೇಲಿ ಒಂದಿದೆ."
"ಯಾರದು?"
"ಯಾರೋ ಮುದುಕಂದು. ಅವನಿಗೇನೂ ಅವಸರ ಇಲ್ಲ. ಹೊಲಿದ್ಮೇಲೆ ನಂಗೂ ಒಂದ್ಸಲ ಹಾಕಿ ತೋರ್ಸು, ಆಯ್ತಾ?"

ಏಪ್ರಿಲ್ 9
ಬಸ್ಸಿನಲ್ಲಿ ಬಂತು. ಎಂಥ ಕೆಂಪು! ಒಂದು ಕಡೆ ತೂತಿಗೆ ತೇಪೆ — ಅಪ್ಪನ ಹೊಲಿಗೆ. ಅಂಗಡಿಯ ಮೇಡಂ ಅಂದರು, "ತೇಪೆ ಕಾಣೋ ಹಾಗೇ ಇರ್ಲಿ. ಅದೇ ಚೆಂದ." ಮೊದಲಿನ ಮಡಿಯನ್ನು ತೋಳಿಗೆ ಹಾಕಿ, ಇದರ ತೇಪೆ ಎದೆಯ ಮೇಲೆ ಬರುವಂತೆ ಹೊಲಿದೆ.

ಏಪ್ರಿಲ್ 21
ಅಪ್ಪ ಹೋದ.
ಅತ್ತೆಯ ಫೋನು. ಅಳುತ್ತಲೇ ಕೇಳಿದಳು, "ಸತ್ಮೇಲೆ ತನ್ನನ್ನ ಸುತ್ತೋಕೆ ಅಂತ ತಾನೇ ಬಡಿದಿಟ್ಟಿದ್ನಲ್ಲ, ಆ ಮಡಿ ಎಲ್ಲೇ? ಪೆಟ್ಟಿಗೆ ಖಾಲಿ."
ಯಾರೋ ಮುದುಕ...
ಅಂಗಡಿಗೆ ಹೋದೆ. ಬೊಂಬೆಯ ಮೈಮೇಲಿಂದ ಕೋಟು ಬಿಚ್ಚಿಕೊಂಡೆ. ಯಾರನ್ನೂ ಕೇಳಲಿಲ್ಲ. ನಾಡಿದ್ದು ಶೋ. ಊರಿಗೆ ಮಸಾಕಾ ಬಸ್ಸು ಹತ್ತಿದೆ. ಫೋನು ಆಫ್.

ಏಪ್ರಿಲ್ 22
ಹೊಲಿಗೆ ಬಿಚ್ಚಲು ಕೂತೆ. ಅತ್ತೆ ಕೈ ಹಿಡಿದಳು.
"ಚಿಂದಿ ಸುತ್ತಿ ಕಳಿಸ್ತೀಯಾ ನಮ್ಮಣ್ಣನ್ನ?"
"ಮತ್ತೇನ್ ಮಾಡ್ಲಿ ಅತ್ತೆ?"
ಕೋಟು ತಿರುಗಿಸಿ ನೋಡಿದಳು. ತೇಪೆಯ ಮೇಲೆ ಬೆರಳಾಡಿಸಿದಳು. "ಹೀಗೇ ಹಾಕು. ಜನ್ಮದಲ್ಲಿ ಕೋಟು ಕಂಡವನಲ್ಲ."
ತೋಳು ತೂರಿಸಲಾಗಲಿಲ್ಲ. ಮೈಮೇಲೆ ಹೊದಿಸಿದೆ. ಅದರ ಮೇಲೆ ನೆಂಟರು ತಂದ ಮಡಿಗಳು. ಮಣ್ಣು.
ಸಂಜೆ ಬೆಂಕಿಯ ಸುತ್ತ ಕೂತವರಿಗೆ ಅತ್ತೆ, "ಹೆಂಗಸರ ಕೋಟಲ್ಲಿ ಹೋಗಿದಾನೆ. ಮೊದ್ಲೇ ಹೋಗಿರೋ ಅತ್ತಿಗೆ ಅಲ್ಲಿ ಒಳಗೇ ಸೇರಿಸಲ್ಲ ನೋಡ್ತಿರಿ!" ಎಲ್ಲರೂ ನಕ್ಕರು. ನಾನೂ. ಆಮೇಲೆ ಮರದ ಚಳಿಯ ಮಾತು ಹೇಳಿದೆ.

ಏಪ್ರಿಲ್ 23
ಎದ್ದಾಗ ಅಂಗಳ ಖಾಲಿ. ಬೆಂಕಿ ಸುತ್ತ ಕೂತಿದ್ದವರೆಲ್ಲ ಮುತುಬಾ ಮರದ ಹತ್ತಿರ. ಅಪ್ಪ ಸುತ್ತಿದ್ದ ಎಲೆ ಒಣಗಿ ಜಾರಿತ್ತು. ಹೊಸ ಬಾಳೆಲೆ ಸುತ್ತುತ್ತಿದ್ದರು. ನಾನೂ ಒಂದು ತುದಿ ಹಿಡಿದೆ.
ಬಂದು ಫೋನು ಆನ್ ಮಾಡಿದೆ. ಮೇಡಂ ಮೆಸೇಜು: "ಕೋಟು ಎಲ್ಲಿ ನಾಕಿಟ್ಟೊ? ಹಾಕ್ಕೊಳ್ಳೋ ಹುಡುಗಿ ಕಾಯ್ತಿದಾಳೆ."
ಉತ್ತರ ಏನೆಂದು ಬರೆಯಲಿ — ಮೇಡಂ, ಅದನ್ನ ಹಾಕ್ಕೊಂಡು ನಮ್ಮಪ್ಪ ಹೋದ ಅಂತಲೇ?